ಉಪ್ಪಿರುವ ಬೆಣ್ಣೆಯೋ, ಉಪ್ಪಿಲ್ಲದ ಬೆಣ್ಣೆಯೋ: ಅಡುಗೆಗೂ ಬೇಕಿಂಗ್‌ಗೂ ಸರಿಯಾದುದನ್ನು ಆರಿಸುವ ಕ್ರಮ

ಪಾಕವಿಧಾನದಲ್ಲಿ ಹೇಳಿದಂತೆಯೇ ಅಳೆದು ಹಾಕಿದರೂ ಕುಕಿ ಉಪ್ಪಾಯಿತು, ಬೆಣ್ಣೆ ಬ್ರೆಡ್ ಸಪ್ಪೆಯಾಯಿತು, ಕೇಕಿನ ಮೇಲಿನ ಕ್ರೀಮಿನಲ್ಲಿ ಸಿಹಿಗಿಂತ ಮೊದಲು ಉಪ್ಪೇ ನಾಲಿಗೆಗೆ ತಾಗಿತು ಎಂಬ ದೂರುಗಳು ಓದುಗರಿಂದ ಮತ್ತೆ ಮತ್ತೆ ಬರುತ್ತಿವೆ. ಇವುಗಳ ಹಿಂದಿರುವ ಕಾರಣ ಬಹುತೇಕ ಒಂದೇ. ಬೆಣ್ಣೆಯಲ್ಲಿ ಆಗಲೇ ಇರುವ ಉಪ್ಪನ್ನು ಲೆಕ್ಕಕ್ಕೆ ಹಿಡಿಯದೆ ಮೇಲಿನಿಂದ ಮತ್ತಷ್ಟು ಉಪ್ಪು ಹಾಕಲಾಗಿರುತ್ತದೆ. ಇಲ್ಲವೇ ಉಪ್ಪಿಲ್ಲದ ಬೆಣ್ಣೆಗೆ ಬದಲಾಯಿಸಿಕೊಂಡ ಮೇಲೆ ಆ ಕೊರತೆಯನ್ನು ತುಂಬುವುದು ಮರೆತುಹೋಗಿರುತ್ತದೆ.

ಸಿಹಿ ಪದಾರ್ಥಕ್ಕೆ ಉಪ್ಪಿಲ್ಲದ ಬೆಣ್ಣೆ, ಖಾರದ ಅಡುಗೆಗೆ ಉಪ್ಪಿರುವ ಬೆಣ್ಣೆ ಎಂಬ ಸುಲಭ ಸೂತ್ರವನ್ನು ಹಲವರು ನೆಚ್ಚಿಕೊಂಡಿದ್ದಾರೆ. ಆ ಸೂತ್ರ ಅರ್ಧ ದಾರಿಯಲ್ಲೇ ಕೈಕೊಡುತ್ತದೆ. ಬೆಣ್ಣೆ ಸೇರಿಸಿದ ಮೇಲೆ ರುಚಿ ನೋಡಿ ಉಪ್ಪನ್ನು ತಿದ್ದಿಕೊಳ್ಳುವ ಅವಕಾಶ ಇದೆಯೇ ಇಲ್ಲವೇ ಎಂಬುದರ ಮೇಲೆ ಆಯ್ಕೆ ನಿಲ್ಲಬೇಕು. ಈ ಮಾರ್ಗದರ್ಶಿಯ ಹಂತಗಳನ್ನು ಅದಕ್ಕೆ ತಕ್ಕಂತೆ ಜೋಡಿಸಲಾಗಿದೆ; ಆದ್ದರಿಂದ ಬೆಣ್ಣೆಯನ್ನು ಕರಗಿಸುವ ಮೊದಲೇ ಮೊದಲ ನಾಲ್ಕು ಹಂತಗಳನ್ನು ಮುಗಿಸಿಕೊಳ್ಳಬೇಕು.

## ಬೇಕಾಗುವ ಸಲಕರಣೆಗಳು

ಡಿಜಿಟಲ್ ತೂಕದ ಯಂತ್ರ ಅತ್ಯಗತ್ಯ. ಉಪ್ಪನ್ನು ತೂಗಲು 0.1 ಗ್ರಾಂವರೆಗೆ ತೋರಿಸುವ ಚಿಕ್ಕ ಯಂತ್ರವಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಅಳತೆ ಚಮಚಗಳ ಒಂದು ಸೆಟ್ ಸಾಕು. ಬೇಕಿಂಗ್‌ಗೆ ಪುಡಿ ಉಪ್ಪನ್ನೇ ಇಟ್ಟುಕೊಳ್ಳಿ. ಒಂದು ಟೀ ಚಮಚ ಪುಡಿ ಉಪ್ಪು ಸುಮಾರು 6 ಗ್ರಾಂ ತೂಗಿದರೆ, ಹಗುರವಾದ ಪದರ ಪದರದ ಹರಳುಪ್ಪು ಅದೇ ಚಮಚದಲ್ಲಿ ಅದರ ಅರ್ಧದಷ್ಟೇ ತೂಗಬಹುದು. ಚಮಚದ ಅಳತೆಯನ್ನು ನಂಬಿ ಒಂದು ಉಪ್ಪಿನ ಬದಲು ಇನ್ನೊಂದನ್ನು ಹಾಕಿದಾಗ ಬೆಣ್ಣೆ ಸರಿಯಿದ್ದರೂ ರುಚಿ ಕೆಡುವುದು ಇದರಿಂದಲೇ.

ಬೆಣ್ಣೆಯನ್ನು ಕಾಯಿಸಿ ಬಣ್ಣ ಬರಿಸುವ ಅಡುಗೆಗಳಿಗೆ ಒಳಮೈ ತಿಳಿಬಣ್ಣದ, ದಪ್ಪ ತಳದ ಪಾತ್ರೆ ಬೇಕು. ಕಪ್ಪು ಬಾಣಲೆಯಲ್ಲಿ ಬಣ್ಣ ತಿರುಗಿದ್ದು ಕಣ್ಣಿಗೆ ಬೀಳುವುದಿಲ್ಲ.

## ಹಂತ 1: ಪೊಟ್ಟಣದ ಮೇಲಿನ ಬರಹವನ್ನು ಓದಿ

ಮೊದಲು ಅದು ನಿಜವಾಗಿ ಬೆಣ್ಣೆಯೇ ಎಂದು ಖಚಿತಪಡಿಸಿಕೊಳ್ಳಿ. ಬೆಣ್ಣೆಯಲ್ಲಿ ಸಾಮಾನ್ಯವಾಗಿ ಕನಿಷ್ಠ 80 ಶೇಕಡಾ ಹಾಲಿನ ಕೊಬ್ಬು, ಹೆಚ್ಚೆಂದರೆ 16 ಶೇಕಡಾ ನೀರು ಇರುತ್ತದೆ. ಸ್ಪ್ರೆಡ್ ಅಥವಾ ಲೈಟ್ ಎಂಬ ಹೆಸರಿನಲ್ಲಿ ಬರುವ ಪದಾರ್ಥಗಳಲ್ಲಿ ಕೊಬ್ಬು ಕಡಿಮೆ, ನೀರು ಹೆಚ್ಚು. ಅವುಗಳಿಂದ ಬೇಕಿಂಗ್ ಮಾಡಿದರೆ ಉಪ್ಪಿನ ಲೆಕ್ಕ ಸರಿ ಹೋದರೂ ಹದ ಸರಿಹೋಗದು.

ನಂತರ ಪದಾರ್ಥಗಳ ಪಟ್ಟಿಯನ್ನು ನೋಡಿ. ಅಲ್ಲಿ ಉಪ್ಪು ಎಂದು ಇದ್ದರೆ ಅದು ಸಾಲ್ಟೆಡ್, ಇಲ್ಲದಿದ್ದರೆ ಅನ್‌ಸಾಲ್ಟೆಡ್. ಪೊಟ್ಟಣದ ಬಣ್ಣವನ್ನೋ ಬೆಣ್ಣೆಯ ಬಣ್ಣವನ್ನೋ ನೋಡಿ ಊಹಿಸಬೇಡಿ. ಕಲ್ಚರ್ಡ್ ಎಂದು ಬರೆದಿರುವ ಬೆಣ್ಣೆಯನ್ನು ಉಪ್ಪಿಲ್ಲದ್ದೆಂದು ತಿಳಿಯುವುದು ಸಾಮಾನ್ಯ ತಪ್ಪು. ಕಲ್ಚರ್ಡ್ ಎಂದರೆ ಕೆನೆಯನ್ನು ಹುಳಿ ಬರಿಸಿ ತೆಗೆದ ಬೆಣ್ಣೆ ಎಂದಷ್ಟೇ ಅರ್ಥ, ಅದರಲ್ಲಿ ಉಪ್ಪು ಇರಲೂಬಹುದು, ಇಲ್ಲದಿರಲೂಬಹುದು.

ಉಪ್ಪಿರುವ ಬೆಣ್ಣೆಯಾದರೆ ಪೌಷ್ಟಿಕಾಂಶದ ಪಟ್ಟಿಯಲ್ಲಿ ಸೋಡಿಯಂ ಎಷ್ಟಿದೆ ಎಂದು ನೋಡಿ, ಆ ಸಂಖ್ಯೆಯನ್ನು 2.5ರಿಂದ ಗುಣಿಸಿ. 100 ಗ್ರಾಂ ಬೆಣ್ಣೆಗೆ 680 ಮಿಲಿಗ್ರಾಂ ಸೋಡಿಯಂ ಎಂದಿದ್ದರೆ ಅದರಲ್ಲಿ 1.7 ಗ್ರಾಂ ಉಪ್ಪು ಇದೆ. ಸಾಮಾನ್ಯವಾಗಿ ಈ ಪ್ರಮಾಣ 1.5ರಿಂದ 2 ಗ್ರಾಂ ಆಸುಪಾಸಿನಲ್ಲಿರುತ್ತದೆಯಾದರೂ ತಯಾರಕರಿಂದ ತಯಾರಕರಿಗೆ ವ್ಯತ್ಯಾಸವಾಗುತ್ತದೆ. ಇದಕ್ಕಿಂತ ಬಹಳ ಕಡಿಮೆ ಇರುವುದೂ ಉಂಟು, 3 ಗ್ರಾಂ ಮುಟ್ಟುವುದೂ ಉಂಟು. ಫ್ರಾನ್ಸ್‌ನಲ್ಲಿ ‘ಅರೆ ಉಪ್ಪಿನ’ ಬೆಣ್ಣೆ ಎಂಬ ಹೆಸರಿನಡಿ 0.5ರಿಂದ 3 ಶೇಕಡಾವರೆಗೆ ಉಪ್ಪಿರಬಹುದು ಎಂದರೆ, ಹೆಸರೊಂದನ್ನೇ ನೆಚ್ಚಿ ಅಳತೆ ಹಾಕುವುದು ಎಷ್ಟು ಅಪಾಯವೆಂಬುದು ತಿಳಿಯುತ್ತದೆ. ಕೊಂಡ ತಯಾರಿಕೆ ಬದಲಾದಾಗಲೆಲ್ಲ ಈ ಸಂಖ್ಯೆಯನ್ನು ಹೊಸದಾಗಿ ನೋಡಬೇಕು. ಹಲವು ಪೊಟ್ಟಣಗಳಲ್ಲಿ ಸೋಡಿಯಂ ಅನ್ನು 100 ಗ್ರಾಂಗೆ ಬದಲಾಗಿ ಒಂದು ಬಡಿಸುವ ಪ್ರಮಾಣಕ್ಕೆ, ಅಂದರೆ 10 ಅಥವಾ 14 ಗ್ರಾಂಗೆ ಕೊಟ್ಟಿರುತ್ತಾರೆ. ಅದನ್ನು ಗಮನಿಸದಿದ್ದರೆ ಲೆಕ್ಕ ಏಳರಿಂದ ಹತ್ತು ಪಟ್ಟು ತಪ್ಪುತ್ತದೆ.

## ಹಂತ 2: ಪಾಕವಿಧಾನ ಯಾವ ಬೆಣ್ಣೆಯನ್ನು ಮನಸ್ಸಿನಲ್ಲಿಟ್ಟು ಬರೆದದ್ದು ಎಂದು ತಿಳಿಯಿರಿ

ಕೆಲವು ಪಾಕವಿಧಾನಗಳು ಇದನ್ನು ಸ್ಪಷ್ಟವಾಗಿ ಹೇಳುತ್ತವೆ. ಬರೀ ‘ಬೆಣ್ಣೆ’ ಎಂದಿದ್ದಾಗ ಉಪ್ಪಿನ ಸಾಲನ್ನು ನೋಡಿ. ಬೇಕಿಂಗ್ ಪಾಕವಿಧಾನದಲ್ಲಿ ಬೆಣ್ಣೆಯ ಜೊತೆಗೆ ಅರ್ಧ ಟೀ ಚಮಚ ಅಥವಾ ಅದಕ್ಕಿಂತ ಹೆಚ್ಚು ಉಪ್ಪನ್ನು ಬೇರೆಯಾಗಿ ಕೇಳಿದ್ದರೆ, ಬಹುಮಟ್ಟಿಗೆ ಅದು ಉಪ್ಪಿಲ್ಲದ ಬೆಣ್ಣೆಗೆ ಬರೆದದ್ದು. ಬೆಣ್ಣೆ ಧಾರಾಳವಾಗಿದ್ದು ಉಪ್ಪಿನ ಮಾತೇ ಇಲ್ಲದಿದ್ದರೆ, ಬರೆದವರು ಉಪ್ಪಿರುವ ಬೆಣ್ಣೆಯನ್ನು ಬಳಸಿರಬಹುದು. ಆಗ ಉಪ್ಪಿಲ್ಲದ ಬೆಣ್ಣೆ ಹಾಕುವವರು ಉಪ್ಪನ್ನು ತಾವೇ ಸೇರಿಸಿಕೊಳ್ಳಬೇಕು.

ಇತರ ಪದಾರ್ಥಗಳಲ್ಲಿ ಅಡಗಿರುವ ಉಪ್ಪನ್ನೂ ಇದೇ ಹಂತದಲ್ಲಿ ಗುರುತು ಮಾಡಿಕೊಳ್ಳಿ. ಚೀಸ್, ಸೋಯಾ ಸಾಸ್, ಸ್ಟಾಕ್ ಕ್ಯೂಬ್, ಉಪ್ಪು ಹಾಕಿ ಹುರಿದ ಬೀಜಗಳು ಇದ್ದಲ್ಲಿ ಉಪ್ಪಿರುವ ಬೆಣ್ಣೆಯೂ ಸೇರಿದರೆ ಕೈ ಮೀರುತ್ತದೆ.

## ಹಂತ 3: ತಿದ್ದಿಕೊಳ್ಳುವ ಅವಕಾಶವಿದೆಯೇ ಎಂದು ಕೇಳಿಕೊಳ್ಳಿ

ಬೇಯಿಸಿದ ತರಕಾರಿಗೆ ಬೆಣ್ಣೆ ಸವರುವಾಗ, ಮೊಟ್ಟೆ ಕದಡುವಾಗ, ಸೂಪಿಗೆ ಕೊನೆಯಲ್ಲಿ ಬೆಣ್ಣೆ ಕೂಡಿಸುವಾಗ, ಬಿಸಿ ಅನ್ನಕ್ಕೋ ನೂಡಲ್ಸ್‌ಗೋ ಕಲಸುವಾಗ ರುಚಿ ನೋಡಲು ಸಮಯವಿರುತ್ತದೆ. ಇಲ್ಲಿ ಎರಡರಲ್ಲಿ ಯಾವ ಬೆಣ್ಣೆಯಾದರೂ ನಡೆಯುತ್ತದೆ. ಒಂದೇ ಷರತ್ತೆಂದರೆ ಬೆಣ್ಣೆ ಮೊದಲು, ಉಪ್ಪು ಕೊನೆಗೆ. ಮೊದಲೇ ಉಪ್ಪು ಹದವಾಗಿ ಬಿದ್ದಿರುವ ಅಡುಗೆಗೆ ಉಪ್ಪಿರುವ ಬೆಣ್ಣೆ ಸೇರಿಸಿದಾಗಲೇ ತೊಂದರೆ ಶುರುವಾಗುವುದು.

ಓವನ್ನಿಗೆ ಹೋಗುವ ಹಿಟ್ಟು, ಹಸಿ ಮೊಟ್ಟೆ ಸೇರಿದ ಮಿಶ್ರಣ, ಯೀಸ್ಟ್ ಹಾಕಿ ಹುದುಗಿಸುವ ಕಣಕ, ಕುದಿಯುವ ಕ್ಯಾರಮೆಲ್, ಬತ್ತಿಸಿ ಗಟ್ಟಿ ಮಾಡುವ ಸಾಸ್ ಇವುಗಳಲ್ಲಿ ಆ ಅವಕಾಶ ಇಲ್ಲ, ಅಥವಾ ಇದ್ದರೂ ತಡವಾಗಿ ಬರುತ್ತದೆ. ಇಲ್ಲೆಲ್ಲ ಉಪ್ಪಿಲ್ಲದ ಬೆಣ್ಣೆಯೇ ಮೊದಲ ಆಯ್ಕೆ. ಮನೆಯಲ್ಲಿ ಒಂದೇ ಬಗೆಯ ಬೆಣ್ಣೆ ಇಟ್ಟುಕೊಳ್ಳುವವರಿಗೂ ನನ್ನ ಸಲಹೆ ಉಪ್ಪಿಲ್ಲದ್ದೇ: ಉಪ್ಪನ್ನು ಯಾವಾಗ ಬೇಕಾದರೂ ಸೇರಿಸಬಹುದು, ತೆಗೆಯಲು ಬಾರದು.

ಬತ್ತಿಸುವ ಸಾಸಿನ ವಿಷಯದಲ್ಲಿ ಎಚ್ಚರ ತಪ್ಪುವವರು ಹೆಚ್ಚು. ಆರಂಭದಲ್ಲಿ ಹದವಾಗಿದ್ದ ದ್ರವ ಕುದಿದು ಅರ್ಧಕ್ಕೆ ಇಳಿದಾಗ ನೀರು ಮಾತ್ರ ಹೋಗಿರುತ್ತದೆ, ಉಪ್ಪು ಅಷ್ಟೇ ಉಳಿದಿರುತ್ತದೆ. ಉಪ್ಪಿನ ಸಾಂದ್ರತೆ ಇಮ್ಮಡಿಯಾಗುತ್ತದೆ. ಆದ್ದರಿಂದ ಪೂರ್ತಿ ಬತ್ತಿದ ಮೇಲೆ ಉರಿಯಿಂದ ಇಳಿಸಿ, ತಣ್ಣನೆಯ ಉಪ್ಪಿಲ್ಲದ ಬೆಣ್ಣೆಯನ್ನು ತುಂಡು ತುಂಡಾಗಿ ಕದಡಿ, ಆನಂತರವೇ ಉಪ್ಪಿನ ರುಚಿ ನೋಡಬೇಕು.

## ಹಂತ 4: ಬದಲಿಸುವ ಮೊದಲು ಲೆಕ್ಕ ಹಾಕಿ

ಉಪ್ಪಿಲ್ಲದ ಬೆಣ್ಣೆ ಸಿಗದೆ ಉಪ್ಪಿರುವುದನ್ನೇ ಬಳಸಬೇಕಾಗಿ ಬಂದಾಗ ಮಾಡಬೇಕಾದದ್ದು ಇಷ್ಟು: ಬೆಣ್ಣೆಯ ತೂಕವನ್ನು 100ರಿಂದ ಭಾಗಿಸಿ, ಹಂತ 1ರಲ್ಲಿ ಸಿಕ್ಕ ಉಪ್ಪಿನ ಸಂಖ್ಯೆಯಿಂದ ಗುಣಿಸಿ, ಬಂದ ಮೊತ್ತವನ್ನು ಪಾಕವಿಧಾನ ಹೇಳಿದ ಉಪ್ಪಿನಿಂದ ಕಳೆಯಿರಿ, ಉಳಿದಷ್ಟನ್ನೇ ಹಾಕಿ.

ಒಂದು ಕುಕಿಯ ಲೆಕ್ಕ ನೋಡೋಣ. ಪಾಕವಿಧಾನ 225 ಗ್ರಾಂ ಉಪ್ಪಿಲ್ಲದ ಬೆಣ್ಣೆ ಮತ್ತು ಅರ್ಧ ಟೀ ಚಮಚ, ಅಂದರೆ 3 ಗ್ರಾಂ ಪುಡಿ ಉಪ್ಪು ಕೇಳುತ್ತದೆ. ಕೈಯಲ್ಲಿರುವ ಬೆಣ್ಣೆಯಲ್ಲಿ 100 ಗ್ರಾಂಗೆ 1.7 ಗ್ರಾಂ ಉಪ್ಪಿದೆ. 225 ಗ್ರಾಂ ಬೆಣ್ಣೆಯ ಜೊತೆ 3.8 ಗ್ರಾಂ ಉಪ್ಪು ಒಳಗೆ ಹೋಗುತ್ತದೆ, ಅಂದರೆ ಬೇಕಾದುದಕ್ಕಿಂತ 0.8 ಗ್ರಾಂ ಹೆಚ್ಚೇ. ಹೊರಗಿನಿಂದ ಒಂದು ಹರಳು ಉಪ್ಪನ್ನೂ ಹಾಕಬಾರದು. ಹಿಟ್ಟು, ಸಕ್ಕರೆ, ಮೊಟ್ಟೆ ಎಲ್ಲ ಸೇರಿ ಮುಕ್ಕಾಲು ಕಿಲೋ ಆಗುವ ಮಿಶ್ರಣದಲ್ಲಿ ಈ 0.8 ಗ್ರಾಂ ದೊಡ್ಡ ತೊಂದರೆ ಕೊಡುವುದಿಲ್ಲ. ಲೆಕ್ಕ ಹಾಕದೆ ಪಾಕವಿಧಾನದ 3 ಗ್ರಾಂ ಉಪ್ಪನ್ನೂ ಸೇರಿಸಿದ್ದರೆ ಮೊತ್ತ 6.8 ಗ್ರಾಂ ಆಗಿ, ಇಡೀ ತಟ್ಟೆ ಕುಕಿ ಬಾಯಿಗಿಡಲು ಆಗದಂತಾಗುತ್ತಿತ್ತು. ಇಂತಹ ಹೆಚ್ಚುವರಿ 1 ಗ್ರಾಂ ದಾಟುವಂತಿದ್ದರೆ ಬೆಣ್ಣೆಯ ಅರ್ಧ ಭಾಗವನ್ನಾದರೂ ಉಪ್ಪಿಲ್ಲದ್ದಾಗಿ ಬದಲಿಸಿಕೊಳ್ಳಿ.

ಯೀಸ್ಟ್ ಹಾಕಿದ ಬೆಣ್ಣೆ ಬ್ರೆಡ್ಡಿನ ಲೆಕ್ಕ ಇನ್ನೂ ಸೂಕ್ಷ್ಮ, ಏಕೆಂದರೆ ಅಲ್ಲಿ ಉಪ್ಪು ರುಚಿಯ ಜೊತೆಗೆ ಹುದುಗುವ ವೇಗವನ್ನೂ ಕಣಕದ ಬಿಗಿಯನ್ನೂ ಹಿಡಿತದಲ್ಲಿಡುತ್ತದೆ. ಬ್ರೆಡ್ಡಿಗೆ ಸಾಮಾನ್ಯವಾಗಿ ಹಿಟ್ಟಿನ ತೂಕದ 2 ಶೇಕಡಾದಷ್ಟು ಉಪ್ಪು ಬೇಕು. 500 ಗ್ರಾಂ ಮೈದಾಗೆ 10 ಗ್ರಾಂ. ಅದಕ್ಕೆ 250 ಗ್ರಾಂ ಉಪ್ಪಿರುವ ಬೆಣ್ಣೆ ಸೇರುವುದಾದರೆ ಬೆಣ್ಣೆಯಿಂದ 4.25 ಗ್ರಾಂ ಬರುತ್ತದೆ. ಹಿಟ್ಟಿಗೆ ಹಾಕಬೇಕಾದದ್ದು 5.75 ಗ್ರಾಂ. ಕಳೆಯದೆ ಪೂರ್ತಿ 10 ಗ್ರಾಂ ಹಾಕಿದರೆ ಯೀಸ್ಟ್ ಮಂದವಾಗಿ, ಕಣಕ ಹೇಳಿದ ಹೊತ್ತಿಗೆ ಉಬ್ಬದೆ, ಬ್ರೆಡ್ ಉಪ್ಪಾಗುತ್ತದೆ. ಬೆಣ್ಣೆಯಲ್ಲೇ ಉಪ್ಪಿದೆಯಲ್ಲ ಎಂದು ಹಿಟ್ಟಿಗೆ ಉಪ್ಪೇ ಹಾಕದಿರುವುದು ಇದರ ವಿರುದ್ಧ ದಿಕ್ಕಿನ ತಪ್ಪು: ಆಗ ಕಣಕದಲ್ಲಿ ಹಿಟ್ಟಿನ 0.85 ಶೇಕಡಾ ಉಪ್ಪು ಮಾತ್ರ ಇದ್ದು, ಅದು ಬೇಗ ಬೇಗ ಉಬ್ಬಿ, ಕೈಗೆ ಅಂಟುತ್ತಾ ಸಡಿಲವಾಗಿ, ಬೆಂದ ಮೇಲೆ ಸಪ್ಪೆಯಾಗುತ್ತದೆ.

ಉಪ್ಪಿರುವ ಬೆಣ್ಣೆಗೆ ಬರೆದ ಪಾಕವಿಧಾನಕ್ಕೆ ಉಪ್ಪಿಲ್ಲದ್ದನ್ನು ಬಳಸುವಾಗ ಇದೇ ಲೆಕ್ಕವನ್ನು ಕೂಡಿಸುವ ಕಡೆಗೆ ತಿರುಗಿಸಿ. ಪೊಟ್ಟಣದ ಸಂಖ್ಯೆ ಗೊತ್ತಿಲ್ಲದಿದ್ದರೆ ಪ್ರತಿ 100 ಗ್ರಾಂ ಬೆಣ್ಣೆಗೆ ಕಾಲು ಟೀ ಚಮಚ, ಅಂದರೆ ಸುಮಾರು 1.5 ಗ್ರಾಂ ಪುಡಿ ಉಪ್ಪು ಎಂದು ಹಿಡಿದರೆ ಹೆಚ್ಚು ತಪ್ಪುವುದಿಲ್ಲ.

## ಹಂತ 5: ಬದಲಿಸಲೇಬಾರದ ಕಡೆಗಳನ್ನು ಗುರುತಿಸಿ

ಲೆಕ್ಕದಿಂದಲೂ ಸರಿಪಡಿಸಲಾಗದ ಕೆಲವು ಸಂದರ್ಭಗಳಿವೆ. ಕೇಕಿನ ಮೇಲೆ ಬಳಿಯುವ ಬೆಣ್ಣೆ ಕ್ರೀಮ್ ಅವುಗಳಲ್ಲಿ ಮೊದಲನೆಯದು. 250 ಗ್ರಾಂ ಬೆಣ್ಣೆಗೆ 500 ಗ್ರಾಂ ಐಸಿಂಗ್ ಸಕ್ಕರೆ ಸೇರಿಸುವ ಕ್ರೀಮಿಗೆ ಬೇಕಾಗುವುದು ಒಂದು ಚಿಟಿಕೆ ಉಪ್ಪು ಮಾತ್ರ. ಉಪ್ಪಿರುವ ಬೆಣ್ಣೆಯಿಂದ ಮುಕ್ಕಾಲು ಟೀ ಚಮಚಕ್ಕೆ ಸಮೀಪದಷ್ಟು ಉಪ್ಪು ಅದರೊಳಗೆ ಸೇರಿಬಿಡುತ್ತದೆ. ಹಿಟ್ಟೂ ಇಲ್ಲ, ಬೇಯುವುದೂ ಇಲ್ಲ. ಆ ಉಪ್ಪನ್ನು ಹೀರಿಕೊಳ್ಳುವ ಯಾವುದೂ ಅಲ್ಲಿಲ್ಲ. ಮತ್ತಷ್ಟು ಸಕ್ಕರೆ ಸುರಿದು ಸರಿಮಾಡಲು ಹೊರಟರೆ ಕ್ರೀಮ್ ಗಟ್ಟಿಯಾಗಿ ಗಂಟಲು ಕಟ್ಟುವಷ್ಟು ಸಿಹಿಯಾಗುತ್ತದೆ, ಉಪ್ಪಿನ ರುಚಿ ಮಾತ್ರ ಹಾಗೇ ಉಳಿಯುತ್ತದೆ.

ಎರಡನೆಯದು ಬೆಣ್ಣೆಯನ್ನು ಕಂದು ಬಣ್ಣಕ್ಕೆ ಕಾಯಿಸುವುದು. ಇದನ್ನು ಹತ್ತಿರ ನಿಂತು ನೋಡಿದರೆ ಕಾರಣ ಸ್ಪಷ್ಟವಾಗುತ್ತದೆ. ನಡು ಉರಿಯಲ್ಲಿ ಬೆಣ್ಣೆ ಕರಗಿ, ಅದರೊಳಗಿನ ನೀರು ಕುದಿಯತೊಡಗಿದಾಗ ಚಟಪಟ ಸದ್ದು ಜೋರಾಗುತ್ತದೆ. ನೀರು ಆರುತ್ತಾ ಬಂದಂತೆ ಸದ್ದು ಇಳಿಯುತ್ತದೆ, ದೊಡ್ಡ ಗುಳ್ಳೆಗಳ ಜಾಗದಲ್ಲಿ ಸಣ್ಣ ನೊರೆ ಏಳುತ್ತದೆ, ತಳದಲ್ಲಿ ಹಾಲಿನ ಕಣಗಳು ಮೊದಲು ಹೊಂಬಣ್ಣಕ್ಕೂ ಆಮೇಲೆ ಕಂದು ಬಣ್ಣಕ್ಕೂ ತಿರುಗುತ್ತವೆ, ಹುರಿದ ಬೀಜಗಳ ಪರಿಮಳ ಬರುತ್ತದೆ. ಈ ಕೊನೆಯ ಘಟ್ಟ ಕೆಲವೇ ಕ್ಷಣಗಳದ್ದು. ಉಪ್ಪಿರುವ ಬೆಣ್ಣೆಯಲ್ಲಿ ನೊರೆ ದಟ್ಟವಾಗಿ ನಿಂತು ತಳವನ್ನು ಮರೆಮಾಡುವುದರಿಂದ, ಕಂದು ಬಣ್ಣ ದಾಟಿ ಸೀದದ್ದು ಗೊತ್ತಾಗುವಾಗ ತಡವಾಗಿರುತ್ತದೆ. ಉಪ್ಪು ಕೊಬ್ಬಿನಲ್ಲಿ ಕರಗುವ ವಸ್ತುವಲ್ಲ. ನೀರು ಆರಿದ ಮೇಲೆ ಅದು ಹಾಲಿನ ಕಣಗಳ ಜೊತೆ ತಳ ಸೇರುತ್ತದೆ, ಮೇಲಿನ ಚಮಚ ಸಪ್ಪೆ, ಕೊನೆಯ ಚಮಚ ಉಪ್ಪು ಎಂಬಂತಾಗುತ್ತದೆ. ಪರಿಮಳ ಬಂದ ಕೂಡಲೇ ಬೆಣ್ಣೆಯನ್ನು ಕಣಗಳ ಸಮೇತ ಬೇರೆ ಬಟ್ಟಲಿಗೆ ಸುರಿಯಿರಿ. ಬಿಸಿ ಪಾತ್ರೆಯಲ್ಲೇ ಬಿಟ್ಟರೆ ಒಲೆ ಆರಿಸಿದರೂ ಅದು ಕಪ್ಪಾಗುತ್ತಲೇ ಹೋಗುತ್ತದೆ.

ಪದರ ಪದರವಾಗಿ ಬೆಣ್ಣೆ ಮಡಚಿ ಲಟ್ಟಿಸುವ ಪಫ್ ಪೇಸ್ಟ್ರಿ, ಕ್ರ್ವಾಸಾನ್‌ಗಳಿಗೂ ಉಪ್ಪಿಲ್ಲದ, ಕೊಬ್ಬಿನ ಅಂಶ 82 ಶೇಕಡಾ ಅಥವಾ ಅದಕ್ಕಿಂತ ಹೆಚ್ಚಿರುವ ಬೆಣ್ಣೆಯನ್ನೇ ಹುಡುಕಿ. ದಪ್ಪ ಉಪ್ಪಿನ ಹರಳುಗಳನ್ನು ಬೆರೆಸಿದ ಬೆಣ್ಣೆ ಬ್ರೆಡ್ಡಿಗೆ ಸವರಿ ತಿನ್ನಲು ಮಾತ್ರ. ಬೇಕಿಂಗ್‌ನಲ್ಲಿ ಆ ಹರಳುಗಳು ಒಂದೆಡೆ ನಿಂತು ಅಲ್ಲಲ್ಲಿ ಉಪ್ಪಿನ ಚುಕ್ಕೆಗಳಾಗುತ್ತವೆ.

## ಹಂತ 6: ಉಪ್ಪಿಲ್ಲದ ಬೆಣ್ಣೆಗೆ ಉಪ್ಪನ್ನು ಸರಿಯಾದ ಹೊತ್ತಿನಲ್ಲಿ ಸೇರಿಸಿ

ಬೆಣ್ಣೆ ಮತ್ತು ಸಕ್ಕರೆಯನ್ನು ನುಣ್ಣಗೆ ಬೀಸುವ ಕೇಕ್, ಕುಕಿಗಳಲ್ಲಿ ಉಪ್ಪನ್ನು ಸಕ್ಕರೆಯ ಜೊತೆಯಲ್ಲೇ ಹಾಕಿ ಬೀಸಿದರೆ ಎಲ್ಲೆಡೆ ಸಮನಾಗಿ ಹರಡುತ್ತದೆ. ಆಗ ಬೆಣ್ಣೆ ಸುಮಾರು 18ರಿಂದ 20 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ಬೆರಳೊತ್ತಿದರೆ ಗುರುತು ಮೂಡಬೇಕು, ಬೆರಳು ಸಲೀಸಾಗಿ ಒಳಗಿಳಿಯಬಾರದು. ಕರಗಿಸಿದ ಬೆಣ್ಣೆಯ ಪಾಕವಿಧಾನವಾದರೆ ಉಪ್ಪನ್ನು ಮೊಟ್ಟೆ ಅಥವಾ ಹಾಲಿನಲ್ಲಿ ಕರಗಿಸಿಕೊಳ್ಳಿ, ಕರಗಿದ ಬೆಣ್ಣೆಗೆ ನೇರವಾಗಿ ಉದುರಿಸಿದರೆ ತಳದಲ್ಲೇ ಕೂರುತ್ತದೆ. ಬ್ರೆಡ್ಡಿನಲ್ಲಿ ಹಿಟ್ಟಿನೊಂದಿಗೆ.

ಸಿಹಿ ಪದಾರ್ಥಕ್ಕೆ ಉಪ್ಪೇಕೆ ಎಂದು ಅದನ್ನು ಪೂರ್ತಿ ಬಿಟ್ಟುಬಿಡುವವರಿಗೆ ಒಂದು ಮಾತು. ಉಪ್ಪು ಸಿಹಿಯನ್ನು ಎತ್ತಿಕೊಡುತ್ತದೆ, ಕೋಕೋದಂತಹ ಪದಾರ್ಥಗಳ ಕಹಿಯನ್ನು ತಗ್ಗಿಸುತ್ತದೆ. ಉಪ್ಪಿಲ್ಲದ ಬೆಣ್ಣೆಯ ಜೊತೆ ಉಪ್ಪನ್ನೂ ಬಿಟ್ಟ ಕೇಕ್ ಕೆಟ್ಟುಹೋಗುವುದಿಲ್ಲ, ಆದರೆ ಅದರಲ್ಲಿ ಏನೋ ಕಡಿಮೆ ಎಂದು ತಿಂದವರಿಗೆಲ್ಲ ಅನಿಸುತ್ತದೆ.

ವೈದ್ಯರ ಸಲಹೆಯಂತೆ ಉಪ್ಪು ಕಡಿಮೆ ಮಾಡಿರುವವರ ವಿಷಯ ಬೇರೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪನ್ನು ಸೂಚಿಸುತ್ತದೆ. ಬ್ರೆಡ್ಡಿಗೆ ಸವರುವ ಬೆಣ್ಣೆಯೂ ಆ ಲೆಕ್ಕದಲ್ಲೇ ಬರುವುದರಿಂದ, ಅಂಥವರ ಮನೆಯಲ್ಲಿ ಉಪ್ಪಿಲ್ಲದ ಬೆಣ್ಣೆಯೇ ಇರಲಿ.

## ಹಂತ 7: ಎಚ್ಚರಿಕೆಯ ಚಿಹ್ನೆಗಳನ್ನು ಗಮನಿಸಿ, ಸಾಧ್ಯವಿದ್ದಷ್ಟು ತಿದ್ದಿ

ಹುದುಗಲು ಇಟ್ಟ ಕಣಕ ಬೆಚ್ಚಗಿನ ಜಾಗದಲ್ಲಿದ್ದರೂ ಹೇಳಿದ ಹೊತ್ತಿಗೆ ಕದಲದಿದ್ದರೆ ಉಪ್ಪು ಎರಡು ಸಲ ಬಿದ್ದಿರುವ ಸಾಧ್ಯತೆಯನ್ನು ಯೋಚಿಸಿ. ಆಗ ಉಪ್ಪಿಲ್ಲದೆ ಇನ್ನೊಂದಿಷ್ಟು ಕಣಕ ಕಲಸಿ, ಎರಡನ್ನೂ ಸೇರಿಸಿ ನಾದುವುದೇ ಸರಿಯಾದ ದಾರಿ. ಕುಕಿ ಹಿಟ್ಟಿಗೂ ಇದೇ ಉಪಾಯ ಅನ್ವಯಿಸುತ್ತದೆ: ಅನುಮಾನ ಬಂದರೆ ಒಂದೇ ಒಂದು ಕುಕಿಯನ್ನು ಮೊದಲು ಬೇಯಿಸಿ ತಿಂದು ನೋಡಿ, ಉಪ್ಪು ಹೆಚ್ಚಿದ್ದರೆ ಉಪ್ಪಿಲ್ಲದ ಎರಡನೆಯ ಕಂತನ್ನು ಕಲಸಿ ಬೆರೆಸಿ. ಹಸಿ ಮೈದಾ, ಹಸಿ ಮೊಟ್ಟೆ ಇರುವ ಹಿಟ್ಟನ್ನು ರುಚಿ ನೋಡಬೇಡಿ. ಬೆಣ್ಣೆ ಕ್ರೀಮ್ ಉಪ್ಪಾಗಿದ್ದರೆ ಉಪ್ಪಿಲ್ಲದ ಬೆಣ್ಣೆಯಿಂದ ಇನ್ನೊಂದು ಕ್ರೀಮ್ ಮಾಡಿ ಅರ್ಧಕ್ಕರ್ಧ ಬೆರೆಸುವುದಲ್ಲದೆ ಬೇರೆ ದಾರಿಯಿಲ್ಲ.

ಉಪ್ಪಿರುವ ಬೆಣ್ಣೆಯನ್ನು ತಣ್ಣೀರಿನಲ್ಲಿ ಹಿಸುಕಿ ತೊಳೆದು ಉಪ್ಪು ತೆಗೆಯುವ ಪ್ರಯತ್ನವನ್ನು ನಾನು ಬೇಡವೆನ್ನುತ್ತೇನೆ. ಸ್ವಲ್ಪ ಉಪ್ಪು ಹೋಗುವುದು ನಿಜ, ಆದರೆ ಎಷ್ಟು ಹೋಯಿತೆಂದು ಅಳೆಯಲು ಬಾರದು, ಮೇಲಾಗಿ ಬೆಣ್ಣೆಯೊಳಗೆ ನೀರು ಸೇರಿಕೊಳ್ಳುತ್ತದೆ. ಅದನ್ನು ತುಪ್ಪವಾಗಿ ಕಾಯಿಸಿ ಸೋಸಿದರೆ ಉಪ್ಪು ಗಸಿಯಲ್ಲೇ ಉಳಿಯುತ್ತದೆ. ಆ ತುಪ್ಪವನ್ನು ಹುರಿಯಲು ಬಳಸಬಹುದು. ಅದರಲ್ಲಿ ನೀರಿನ ಅಂಶ ಇಲ್ಲದ ಕಾರಣ, ಕೇಕಿನಲ್ಲಿ ಬೆಣ್ಣೆಯ ತೂಕಕ್ಕೆ ಸಮನಾಗಿ ಹಾಕುವಂತಿಲ್ಲ.

## ಹಂತ 8: ಎರಡನ್ನೂ ಬೇರೆ ಬೇರೆಯಾಗಿ ಶೇಖರಿಸಿ

ಉಪ್ಪಿರುವ ಬೆಣ್ಣೆ ಹೆಚ್ಚು ದಿನ ಬಾಳುತ್ತದೆ. ಬೆಣ್ಣೆಯಲ್ಲಿರುವ ಉಪ್ಪೆಲ್ಲ ಅದರ 16 ಶೇಕಡಾ ನೀರಿನಲ್ಲೇ ಕರಗಿರುವುದರಿಂದ, 1.7 ಗ್ರಾಂ ಉಪ್ಪು ಎಂಬುದು ಆ ನೀರಿನ ಹನಿಗಳೊಳಗೆ ಹತ್ತು ಶೇಕಡಾಕ್ಕೆ ಸಮೀಪದ ಗಟ್ಟಿ ಉಪ್ಪುನೀರಾಗಿರುತ್ತದೆ. ಸೂಕ್ಷ್ಮಜೀವಿಗಳು ಬೆಳೆಯುವುದು ಅಲ್ಲಿ ಕಷ್ಟ. ಉಪ್ಪಿಲ್ಲದ ಬೆಣ್ಣೆಗೆ ಆ ರಕ್ಷಣೆ ಇಲ್ಲ. ಅದನ್ನು ಕೋಣೆಯ ಶಾಖದಲ್ಲಿ ಇಡೀ ದಿನ ಬಿಡಬೇಡಿ. 4 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕೆಳಗೆ ಫ್ರಿಜ್ಜಿನಲ್ಲಿಡಿ, ಬೇಗ ಮುಗಿಯುವಂತಿಲ್ಲದಿದ್ದರೆ 100 ಗ್ರಾಂ ತುಂಡುಗಳಾಗಿ ಕತ್ತರಿಸಿ, ಬಿಗಿಯಾಗಿ ಸುತ್ತಿ ಮೈನಸ್ 18 ಡಿಗ್ರಿಯಲ್ಲಿ ಇಡಿ. ಬೆಳಕು ಮತ್ತು ಗಾಳಿಯಿಂದ ಕೊಬ್ಬು ಕಮಟಾಗುವುದನ್ನು ಉಪ್ಪು ತಡೆಯುವುದಿಲ್ಲ, ಆದ್ದರಿಂದ ಎರಡಕ್ಕೂ ಮುಚ್ಚಿಗೆ ಬೇಕು. ಬೆಣ್ಣೆ ಪಕ್ಕದಲ್ಲಿಟ್ಟ ಈರುಳ್ಳಿ, ಬೆಳ್ಳುಳ್ಳಿಯ ವಾಸನೆಯನ್ನು ಎಳೆದುಕೊಳ್ಳುತ್ತದೆ, ಉಪ್ಪಿಲ್ಲದ್ದರಲ್ಲಿ ಅದು ಇನ್ನೂ ಬೇಗ ಗೊತ್ತಾಗುತ್ತದೆ.

ಬಳಸುವ ಮೊದಲು ತುಂಡನ್ನು ಅಡ್ಡಲಾಗಿ ಕತ್ತರಿಸಿ ನೋಡಿ. ಹೊರಪದರ ಒಳಭಾಗಕ್ಕಿಂತ ಗಾಢ ಹಳದಿಯಾಗಿದ್ದರೆ ಅಲ್ಲಿ ಗಾಳಿ ತಾಗಿದೆ ಎಂದರ್ಥ. ಹೊರಪದರದ ಚೂರನ್ನು ಮೂಸಿ. ಹಳೆಯ ಎಣ್ಣೆಯ ಕಮಟು ಇಲ್ಲದಿದ್ದರೆ ಆ ಪದರವನ್ನಷ್ಟೇ ಹೆರೆದು ಉಳಿದದ್ದನ್ನು ಬಳಸಬಹುದು. ಕಮಟು ಒಳಗೂ ಇಳಿದಿದ್ದರೆ, ಬೂಷ್ಟು ಕಂಡರೆ ಪೂರ್ತಿ ಎಸೆಯಬೇಕು. ಫ್ರೀಜರಿಗೆ ಹೋಗುವ ಪ್ರತಿ ತುಂಡಿನ ಸುತ್ತಿಗೆಯ ಮೇಲೆ ‘ಉಪ್ಪಿದೆ’ ಅಥವಾ ‘ಉಪ್ಪಿಲ್ಲ’ ಎಂದೂ, ಉಪ್ಪಿರುವುದಾದರೆ 100 ಗ್ರಾಂಗೆ ಎಷ್ಟು ಗ್ರಾಂ ಎಂದೂ, ಇಟ್ಟ ದಿನಾಂಕವನ್ನೂ ಬರೆದಿಡಿ. ಮೂಲ ಪೊಟ್ಟಣ ಎಸೆದ ಮೇಲೆ ಎರಡೂ ಬೆಣ್ಣೆ ನೋಡಲು ಒಂದೇ ತೆರನಾಗಿರುತ್ತವೆ.